ಸೋತದ್ದು ಯಾಕೆಂದು ತೋರಿಸುವ ಫೈಟಿಂಗ್ ಗೇಮ್: ಸ್ಟ್ರೀಟ್ ಫೈಟರ್ 6

ಫೈಟಿಂಗ್ ಗೇಮ್ ಹಿಡಿಸುವುದಿಲ್ಲ ಎನ್ನುವವರನ್ನು ಕಾರಣ ಕೇಳಿ. ಬೆರಳು ಅಷ್ಟು ಓಡುವುದಿಲ್ಲ, ಕಾಂಬೊ, ಅಂದರೆ ಒಂದಕ್ಕೊಂದು ಹೆಣೆದ ಏಟುಗಳ ಸರಣಿ, ನೆನಪಿರುವುದಿಲ್ಲ ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ಕಾಂಬೊ ಬಾರದವರೂ ಕೆಳಗಿನ ಹಂತಗಳಲ್ಲಿ ಧಾರಾಳವಾಗಿ ಗೆಲ್ಲುತ್ತಾರೆ. ಜನ ಕಂಟ್ರೋಲರ್ ಕೆಳಗಿಡುವುದು ಬೇರೆ ಕಾರಣಕ್ಕೆ: ಸೋತಾಗ ಯಾಕೆ ಸೋತೆ ಅನ್ನುವುದೇ ತಿಳಿಯುವುದಿಲ್ಲ. ಕಾರ್ ರೇಸ್‌ನಲ್ಲಿ ತಿರುವಿಗೆ ಬ್ರೇಕ್ ತಡವಾಗಿದ್ದು ಕಣ್ಣಿಗೇ ಕಾಣುತ್ತದೆ. ಶೂಟರ್‌ನಲ್ಲಿ ಗುಂಡು ಯಾವ ಕಿಟಕಿಯಿಂದ ಬಂತು ಎಂದು ಕಿಲ್‌ಕ್ಯಾಮ್ ತೋರಿಸುತ್ತದೆ. ಫೈಟಿಂಗ್ ಗೇಮ್‌ನಲ್ಲಿ ಮೂವತ್ತು ಸೆಕೆಂಡಿಗೆ ನೆಲ ಕಚ್ಚಿರುತ್ತೀರಿ, ಒತ್ತಿದ ಬಟನ್ ಒಂದೂ ಕೆಲಸ ಮಾಡಿದಂತಿರುವುದಿಲ್ಲ. ಕ್ಯಾಪ್‌ಕಾಮ್ 2023ರ ಜೂನ್ 2ರಂದು ಬಿಡುಗಡೆ ಮಾಡಿದ ಸ್ಟ್ರೀಟ್ ಫೈಟರ್ 6 ಈ ಕಾಯಿಲೆಗೆ ಸದ್ಯ ಸಿಗುವ ಮದ್ದುಗಳಲ್ಲಿ ಒಳ್ಳೆಯದು. ಪೂರ್ತಿ ವಾಸಿ ಮಾಡುವುದಿಲ್ಲ, ಅದನ್ನೂ ಹೇಳಬೇಕು.

ಮೊದಲು ಒಂದು ಹಳೇ ಚಟ ಬಿಡಬೇಕು. ವಿಡಿಯೊ ಗೇಮ್ ಪಾರ್ಲರ್‌ಗಳಲ್ಲಿ ‘ಮುಸ್ತಫಾ’ ಎಂದೇ ಹೆಸರಾಗಿದ್ದ ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್ (1993) ಕೂಡ ಇದೇ ಕ್ಯಾಪ್‌ಕಾಮ್‌ನದು. ಅಲ್ಲಿ ಏಟಿನ ಬಟನ್ ಒಂದೇ ಸಮ ಕುಟ್ಟಿದರೆ ರೌಡಿಗಳು ಸಾಲಾಗಿ ಮಲಗುತ್ತಿದ್ದರು. ಅದು ಗುಂಪಿಗೆ ಬಡಿಯುವ ಆಟ. ಇದು ಅಖಾಡದ ಜೋಡಿ ಕುಸ್ತಿ. ಇಲ್ಲಿ ಹಾಕಿದ ಪ್ರತಿ ಪಟ್ಟಿಗೂ ಮೂರು ಹೊತ್ತುಗಳಿವೆ: ಏಟು ಹೊರಡುವ ಹೊತ್ತು, ತಾಗುವ ಹೊತ್ತು, ಕೈಕಾಲು ವಾಪಸ್ ಬರುವ ಹೊತ್ತು. ಮೂರನೆಯದು ಮುಗಿಯುವವರೆಗೆ ನೀವು ಏನು ಒತ್ತಿದರೂ ಪಾತ್ರ ಕೇಳುವುದಿಲ್ಲ. ‘ಬಟನ್ ಕೆಲಸ ಮಾಡಲಿಲ್ಲ’ ಎನ್ನುವ ದೂರಿನ ಮೂಲ ಬಹುಪಾಲು ಇದೇ.

ಆಟ ಸೆಕೆಂಡಿಗೆ 60 ಫ್ರೇಮ್‌ನಲ್ಲಿ, ಅಂದರೆ 60 ಬಿಡಿ ಚಿತ್ರಗಳಲ್ಲಿ, ಓಡುತ್ತದೆ, ಎಲ್ಲ ಲೆಕ್ಕವೂ ಈ ಫ್ರೇಮ್‌ಗಳಲ್ಲೇ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಎದುರಾಳಿ ಕೂತು ಕಾಲು ಬೀಸಿ ನಿಮ್ಮನ್ನು ಕೆಡವಲು ನೋಡಿದ. ನೀವೂ ಕೂತು ಬ್ಲಾಕ್ ಮಾಡಿದಿರಿ. ಹೆಚ್ಚಿನ ಪಾತ್ರಗಳ ಈ ಪಟ್ಟು ಬ್ಲಾಕ್ ಆದರೆ ಅವನು ನಿಮಗಿಂತ ಸುಮಾರು ಹತ್ತು ಫ್ರೇಮ್ ತಡವಾಗಿ ಸುಧಾರಿಸಿಕೊಳ್ಳುತ್ತಾನೆ. ನಿಮ್ಮ ಅತಿ ಚುರುಕಿನ ಲೈಟ್ ಪಂಚ್ ತಾಗಲು ಬೇಕಾದ್ದು 4 ಫ್ರೇಮ್. ಅಂದರೆ ಅಳತೆಯಲ್ಲಿದ್ದರೆ ಈ ಏಟು ನಿಮ್ಮದೇ, ಅವನು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಆದರೆ ಹೊಸಬರು ಇಲ್ಲೇನು ಮಾಡುತ್ತಾರೆ? ಬ್ಲಾಕ್ ಆಯಿತಲ್ಲ ಎಂದು ಉಸಿರು ಬಿಟ್ಟು ಸುಮ್ಮನಿರುತ್ತಾರೆ. ಅವನು ಎದ್ದು ಮತ್ತೊಂದು ಬೀಸುತ್ತಾನೆ, ಅದು ತಾಗುತ್ತದೆ. ಸೋತದ್ದು ಎರಡನೇ ಏಟಿನಿಂದ ಅಂತ ಅನ್ನಿಸುತ್ತದೆ. ನಿಜಕ್ಕೂ ಸೋತದ್ದು ಮೊದಲ ಏಟಿನ ಬಾಕಿ ವಸೂಲಿ ಮಾಡದೆ ಬಿಟ್ಟಾಗ.

ಇದನ್ನು ಕಣ್ಣಿಗೆ ಕಾಣಿಸುವುದು ಈ ಆಟದ ಟ್ರೇನಿಂಗ್ ಮೋಡ್. ಅದರಲ್ಲಿ ಫ್ರೇಮ್ ಮೀಟರ್ ಎಂಬ ಪಟ್ಟಿ ಇದೆ. ಇಬ್ಬರ ಪ್ರತಿ ಫ್ರೇಮೂ ಒಂದೊಂದು ಚೌಕವಾಗಿ ಸಾಲಾಗಿ ಬೀಳುತ್ತದೆ: ಹಸಿರು ಹೊರಡುವ ಹೊತ್ತು, ಕೆಂಪು ತಾಗುವ ಹೊತ್ತು, ನೀಲಿ ವಾಪಸ್ ಬರುವ ಹೊತ್ತು. ಸಂಖ್ಯೆ ಬಾಯಿಪಾಠ ಮಾಡಬೇಕಿಲ್ಲ. ಅವನ ನೀಲಿ ಉದ್ದ ಇದ್ದಲ್ಲಿ ನಿಮ್ಮ ಸರದಿ, ಅಷ್ಟೇ. ಆಡಿದ ಪಂದ್ಯದ ರೀಪ್ಲೇಯಲ್ಲೂ ಇದೇ ಮೀಟರನ್ನು, ಇಬ್ಬರೂ ಒತ್ತಿದ ಬಟನ್‌ಗಳನ್ನು ತೆರೆದು ನೋಡಬಹುದು. ಸೋತ ಪಂದ್ಯದ ರೀಪ್ಲೇ ಪೂರ್ತಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ, ನೋಡುವುದೂ ಬೇಡ. ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿ: ಹೆಚ್ಚು ಸಲ ತಿಂದ ಏಟು ಯಾವುದು? ಕೆಳಗಿನ ಹಂತಗಳಲ್ಲಿ ಉತ್ತರ ಸಾಮಾನ್ಯವಾಗಿ ಜಿಗಿದು ಬಂದು ಒದ್ದದ್ದು, ಇಲ್ಲವೇ ಡ್ರೈವ್ ಇಂಪ್ಯಾಕ್ಟ್ ಎಂಬ ನುಗ್ಗಿ ಬರುವ ಏಟು, ಇಲ್ಲವೇ ಎತ್ತಿ ಒಗೆಯುವ ಥ್ರೋ. ಈ ಮೂರಕ್ಕೆ ಮದ್ದು ಕಲಿತರೆ ಆಟ ಅರ್ಧ ಅರ್ಥವಾದಂತೆ.

ಅದಕ್ಕೂ ಮೊದಲು ಕಂಟ್ರೋಲ್ ಯಾವುದು ಎಂಬ ತೀರ್ಮಾನ. ಕ್ಲಾಸಿಕ್ ಎಂದರೆ 1991ರ ಸ್ಟ್ರೀಟ್ ಫೈಟರ್ 2ರ ಕಾಲದಿಂದ ಬಂದದ್ದು, ಮೂರು ಪಂಚ್ ಮೂರು ಕಿಕ್ (ಲೈಟ್, ಮೀಡಿಯಂ, ಹೆವಿ) ಸೇರಿ ಆರು ಬಟನ್, ವಿಶೇಷ ಪಟ್ಟುಗಳಿಗೆ ಸ್ಟಿಕ್ ತಿರುಗಿಸಬೇಕು. ಮಾಡರ್ನ್‌ನಲ್ಲಿ ಏಟಿಗೆ ಮೂರೇ ಬಟನ್, ವಿಶೇಷ ಪಟ್ಟಿಗೆ ಒಂದು ಪ್ರತ್ಯೇಕ ಬಟನ್. ಸರಣಿಯ ಮುಖ್ಯ ಪಾತ್ರ ರ್ಯುಗೆ ಅದೊಂದನ್ನೇ ಒತ್ತಿದರೆ ಹಡೋಕೆನ್ ಎಂಬ ಶಕ್ತಿಯ ಉಂಡೆ, ಮುಂದಕ್ಕೆ ಹಿಡಿದು ಒತ್ತಿದರೆ ಶೋರ್ಯುಕೆನ್ ಎಂಬ ಮೇಲಕ್ಕೆ ಹಾರುವ ಪಂಚ್. ಮೂರನೆಯದು ಡೈನಾಮಿಕ್: ಬಟನ್ ಒತ್ತಿದರೆ ಅಂತರ ನೋಡಿ ಯಾವ ಪಟ್ಟು ಹಾಕಬೇಕೆಂದು ಕಂಪ್ಯೂಟರೇ ಆರಿಸುತ್ತದೆ. ಇದು ಆನ್‌ಲೈನ್‌ನಲ್ಲಿ ನಡೆಯುವುದಿಲ್ಲ. ಹಬ್ಬಕ್ಕೆ ಬಂದ ನೆಂಟರ ಮಕ್ಕಳ ಕೈಗೆ ಎರಡನೇ ಕಂಟ್ರೋಲರ್ ಕೊಡುವಾಗ ಒಳ್ಳೆಯದು, ಕಲಿಕೆಗಲ್ಲ.

ಹೊಸಬರು ಮಾಡರ್ನ್ ಆರಿಸಿಕೊಳ್ಳಿ. ‘ಅದು ಮೋಸ’ ಎನ್ನುವ ಹಳಬರ ಮಾತಿಗೆ ಆಟದೊಳಗೇ ಉತ್ತರವಿದೆ: ಒಂದೇ ಬಟನ್‌ನಲ್ಲಿ ಹಾಕಿದ ವಿಶೇಷ ಪಟ್ಟು ಮತ್ತು ಸೂಪರ್‌ಗಳ (ಹೊಡೆದಾಡುತ್ತಾ ತುಂಬುವ ಗೇಜ್ ಖರ್ಚು ಮಾಡಿ ಹಾಕುವ ದೊಡ್ಡ ಪಟ್ಟುಗಳ) ಪೆಟ್ಟು 20 ಪರ್ಸೆಂಟ್ ಕಡಿಮೆ, ಜೊತೆಗೆ ಕೆಲವು ಸಾದಾ ಏಟುಗಳು ಮಾಡರ್ನ್‌ನಲ್ಲಿ ಇರುವುದೇ ಇಲ್ಲ. ಮಾಡರ್ನ್‌ನಲ್ಲೇ ಇದ್ದು ಸ್ಟಿಕ್ ತಿರುಗಿಸಿ ಹಾಕಿದರೆ ಪೂರ್ತಿ ಪೆಟ್ಟು ಸಿಗುತ್ತದೆ. ಅಂದರೆ ಅವಸರಕ್ಕೆ ಬಟನ್, ಪುರಸೊತ್ತಿದ್ದಾಗ ಸ್ಟಿಕ್.

ಮಾಡರ್ನ್‌ನ ಒಂದು ಬಲೆಯನ್ನು ಮಾತ್ರ ಟ್ಯುಟೋರಿಯಲ್ ಒತ್ತಿ ಹೇಳುವುದಿಲ್ಲ. ಅಸಿಸ್ಟ್ ಬಟನ್ ಹಿಡಿದುಕೊಂಡು ಒಂದೇ ಏಟನ್ನು ಮತ್ತೆ ಮತ್ತೆ ಒತ್ತಿದರೆ ಕಾಂಬೊ ತಾನಾಗಿ ಹೊರಡುತ್ತದೆ. ಎದುರಾಳಿ ಬ್ಲಾಕ್ ಮಾಡಿಕೊಂಡಿದ್ದರೂ ನೀವು ಒತ್ತುತ್ತಲೇ ಇದ್ದರೆ ಅದೂ ಮುಂದುವರಿಯುತ್ತದೆ, ಕೊನೆಗೆ ಶೋರ್ಯುಕೆನ್‌ನಂಥ ಪಟ್ಟು ಬ್ಲಾಕ್ ಆಗಿ ಇಪ್ಪತ್ತಕ್ಕೂ ಹೆಚ್ಚು ಫ್ರೇಮ್ ನೀವು ಗಾಳಿಯಲ್ಲಿ ತಿರುಗುತ್ತಿರುತ್ತೀರಿ. ಎದುರಿನವನಿಗೆ ಕಾಫಿ ಕುಡಿದು ಬಂದು ಹೊಡೆಯುವಷ್ಟು ಸಮಯ. ಹೆವಿ ಬಟನ್‌ನ ಅಸಿಸ್ಟ್ ಕಾಂಬೊ ಗೇಜ್ ಇದ್ದರೆ ಸೂಪರನ್ನೂ ಖರ್ಚು ಮಾಡಿಬಿಡುತ್ತದೆ. ಆದ್ದರಿಂದ ಎರಡು ಸಲ ಒತ್ತಿ, ಕಣ್ಣಲ್ಲಿ ನೋಡಿ. ತಾಗಿದ್ದರೆ ಮಾತ್ರ ಮೂರನೆಯದು. ಈ ‘ನೋಡಿ ಒತ್ತುವ’ ಅಭ್ಯಾಸ ಒಂದು ವಾರದಲ್ಲಿ ಬಂದರೆ ಅದೇ ದೊಡ್ಡದು.

ಕ್ಲಾಸಿಕ್ ಆಡಿಯೇ ತೀರುತ್ತೇನೆ ಎನ್ನುವವರಿಗೆ ಒಂದು ರಿಪೇರಿ. ರ್ಯು ಮುಂದೆ ನಡೆಯುತ್ತಿರುವಾಗ ಹಡೋಕೆನ್ ಹಾಕಲು ಹೋದರೆ ಶೋರ್ಯುಕೆನ್ ಹಾರುತ್ತದೆ. ಕಂಟ್ರೋಲರ್ ಕೆಟ್ಟಿಲ್ಲ. ಹಡೋಕೆನ್‌ಗೆ ಬೇಕಾದ್ದು ಕೆಳಗೆ, ಓರೆ, ಮುಂದೆ. ಶೋರ್ಯುಕೆನ್‌ಗೆ ಮುಂದೆ, ಕೆಳಗೆ, ಓರೆ. ನಡೆಯಲು ಹಿಡಿದ ‘ಮುಂದೆ’ಯನ್ನೂ ಸೇರಿಸಿ ಆಟ ಎರಡನೆಯದನ್ನು ಓದಿಕೊಳ್ಳುತ್ತದೆ. ಸ್ಟಿಕ್ಕನ್ನು ಒಂದು ಕ್ಷಣ ನಡುವಿಗೆ ಬಿಟ್ಟು, ನಿಂತು, ಆಮೇಲೆ ತಿರುಗಿಸಿ. ಏನೂ ಬಾರದೆ ಬರೀ ಪಂಚ್ ಬಂದರೆ ಸ್ಟಿಕ್ ಮುಂದೆ ತಲುಪುವ ಮೊದಲೇ ಬಟನ್ ಒತ್ತಿದ್ದೀರಿ ಎಂದರ್ಥ. ಟ್ರೇನಿಂಗ್ ಮೋಡ್‌ನ ಇನ್‌ಪುಟ್ ಪಟ್ಟಿಯಲ್ಲಿ ಬಾಣಗಳ ಸಾಲು ನೋಡಿದರೆ ಎಲ್ಲಿ ತಪ್ಪಿತು ಎಂದು ಅಲ್ಲೇ ಬರೆದಿರುತ್ತದೆ.

ಈಗ ಆ ಮೂರು ಏಟುಗಳಿಗೆ ಬರೋಣ. ಜಿಗಿತ: ನೆಲ ಬಿಟ್ಟು ಮತ್ತೆ ನೆಲ ಮುಟ್ಟಲು ಸುಮಾರು ಮುಕ್ಕಾಲು ಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಕಾಲು ಸೆಕೆಂಡ್ ಸಾಕು. ಲೆಕ್ಕದ ಪ್ರಕಾರ ಎಲ್ಲ ಜಿಗಿತವನ್ನೂ ತಡೆಯಬಹುದು. ಆದರೂ ತಡೆಯಲಾಗುವುದಿಲ್ಲ, ಯಾಕೆಂದರೆ ಕಣ್ಣು ನಿಮ್ಮ ಪಾತ್ರದ ಮೇಲಿರುತ್ತದೆ, ತಲೆ ಮುಂದಿನ ಕಾಂಬೊ ಯೋಚಿಸುತ್ತಿರುತ್ತದೆ. ಕಣ್ಣನ್ನು ಎದುರಾಳಿಯ ತಲೆಯ ಮೇಲಿನ ಖಾಲಿ ಜಾಗಕ್ಕೆ ಕಟ್ಟಿಹಾಕಿ. ಎರಡು ದಿನ ಬೇರೆ ಯಾವ ಗುರಿಯೂ ಇಲ್ಲದೆ, ಗೆದ್ದರೂ ಸರಿ ಸೋತರೂ ಸರಿ, ಜಿಗಿದವನನ್ನು ಮಾತ್ರ ಕೆಡವುತ್ತೇನೆ ಎಂದು ಆಡಿ. ಮಾಡರ್ನ್ ರ್ಯು, ಕೆನ್, ಲೂಕ್‌ಗೆ ಮುಂದೆ ಹಿಡಿದು ವಿಶೇಷ ಬಟನ್. ಕ್ಲಾಸಿಕ್ ರ್ಯುಗೆ ಶೋರ್ಯುಕೆನ್ ಬರದಿದ್ದರೆ ಕೂತು ಹೆವಿ ಪಂಚ್ ಸಾಕು. ಎರಡು ಸಲ ನೆಲಕ್ಕೆ ಬಿದ್ದ ಎದುರಾಳಿ ಮೂರನೇ ಸಲ ಜಿಗಿಯಲು ಹಿಂಜರಿಯುತ್ತಾನೆ. ಇಬ್ಬರೂ ನೆಲದ ಮೇಲೆ ನಿಂತು ಅಂತರ ಅಳೆಯಲು ಶುರು ಮಾಡುವುದು ಆವಾಗಲೇ, ಫೈಟಿಂಗ್ ಗೇಮ್‌ನ ರುಚಿ ಹತ್ತುವುದೂ ಆವಾಗಲೇ.

ಡ್ರೈವ್ ಇಂಪ್ಯಾಕ್ಟ್ ಈ ಆಟದ ಹೊಸ ಪಟ್ಟು, ಹೊಸಬರನ್ನು ಓಡಿಸುವುದೂ ಇದೇ. ಬಣ್ಣ ಎರಚುತ್ತಾ ನುಗ್ಗಿ ಬರುವ ಆ ಏಟು ನಿಮ್ಮ ಎರಡು ಏಟನ್ನು ನುಂಗಿಕೊಂಡು ಬರುತ್ತದೆ. ಗೋಡೆಯ ಹತ್ತಿರ ಬ್ಲಾಕ್ ಮಾಡಿದರೂ ಗೋಡೆಗೆ ಅಪ್ಪಳಿಸುತ್ತೀರಿ. ಆದರೆ ಅದು ತಾಗಲು 26 ಫ್ರೇಮ್ ಬೇಕು, ಅರ್ಧ ಸೆಕೆಂಡಿಗೆ ಸ್ವಲ್ಪ ಕಮ್ಮಿ. ಉತ್ತರ ಸರಳ: ನೀವೂ ಡ್ರೈವ್ ಇಂಪ್ಯಾಕ್ಟ್ ಒತ್ತಿ, ತಡವಾಗಿ ಒತ್ತಿದವನದೇ ಮೇಲುಗೈ. ಇದನ್ನು ಬರೀ ತಿಳಿದುಕೊಂಡರೆ ಸಾಲದು. ಟ್ರೇನಿಂಗ್ ಮೋಡ್‌ನಲ್ಲಿ ಡಮ್ಮಿಗೆ, ಅಂದರೆ ಅಭ್ಯಾಸದ ಎದುರಾಳಿಗೆ, ಮೂರು ರೆಕಾರ್ಡಿಂಗ್ ಮಾಡಿ: ಒಂದರಲ್ಲಿ ಡ್ರೈವ್ ಇಂಪ್ಯಾಕ್ಟ್, ಇನ್ನೊಂದರಲ್ಲಿ ಜಿಗಿದು ಒದೆ, ಮೂರನೆಯದರಲ್ಲಿ ಸುಮ್ಮನೆ ಹಿಂದೆ ಮುಂದೆ ನಡಿಗೆ. ಮೂರನ್ನೂ ಆನ್ ಮಾಡಿ ಪ್ಲೇಬ್ಯಾಕ್ ಒತ್ತಿದರೆ ಯಾವುದು ಬರುತ್ತದೆಂದು ಗೊತ್ತಿಲ್ಲದಂತೆ ಬರುತ್ತಿರುತ್ತದೆ. ಮೂರನೆಯದು ಯಾಕೆಂದರೆ, ಅದಿಲ್ಲದಿದ್ದರೆ ಕೈ ನೋಡದೆಯೇ ಒತ್ತಲು ಕಲಿಯುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಹತ್ತರಲ್ಲಿ ಏಳು ಸಲ ಸರಿಯಾದ ಉತ್ತರ ಬಂದರೆ ಪಂದ್ಯಕ್ಕೆ ಹೊರಡಿ. ಪಂದ್ಯದಲ್ಲಿ ಅದು ನಾಲ್ಕಕ್ಕೆ ಇಳಿಯುತ್ತದೆ, ಬೇಸರ ಬೇಡ.

ಮೂರನೆಯದು ಥ್ರೋ. ಬ್ಲಾಕ್ ಹಿಡಿದು ಕೂತವನನ್ನು ಎತ್ತಿ ಒಗೆಯಲು ಇರುವ ಪಟ್ಟು, 5 ಫ್ರೇಮ್‌ನಲ್ಲಿ ಹೊರಡುತ್ತದೆ, ನೋಡಿ ತಡೆಯಲು ಆಗುವುದಿಲ್ಲ. ಇದು ಕಲ್ಲು-ಕಾಗದ-ಕತ್ತರಿ: ಏಟಿಗೆ ಬ್ಲಾಕ್, ಬ್ಲಾಕ್‌ಗೆ ಥ್ರೋ, ಥ್ರೋಗೆ ಹಾಕುವ ಮೊದಲೇ ತಾಗುವ ಏಟು ಅಥವಾ ಜಿಗಿತ. ‘ಥ್ರೋ ಮಾಡುವುದು ಹೇಡಿತನ’ ಎನ್ನುವವರು ಬ್ಲಾಕ್ ಒಂದನ್ನೇ ನೆಚ್ಚಿಕೊಂಡವರು. ಗೋಡೆ ಮೂಲೆಯಲ್ಲಿ ಸಿಕ್ಕಿಕೊಂಡಾಗ ಮಾತ್ರ ಈ ಊಹೆಯಾಟ ನಿಜಕ್ಕೂ ಕಿರಿಕಿರಿ. ಮೇಲೆ ಮೇಲೆ ಥ್ರೋ ತಿಂದು ಸೋಲುವುದುಂಟು, ಹಳಬರೂ ಇದರ ಬಗ್ಗೆ ಗೊಣಗುತ್ತಾರೆ. ಅವರು ಗೊಣಗುವುದರಲ್ಲಿ ತಪ್ಪಿಲ್ಲ.

ಇವೆಲ್ಲದರ ಹಿಂದೆ ಜೀವದ ಪಟ್ಟಿಯ ಕೆಳಗೆ ಆರು ಖಾನೆಯ ಡ್ರೈವ್ ಗೇಜ್ ಇದೆ. ರೌಂಡ್ ಶುರುವಾಗುವಾಗಲೇ ತುಂಬಿರುತ್ತದೆ, ಅದೇ ಹೊಸಬರ ಕೈ ಸುಡುವುದು: ಸಂಬಳದ ದಿನ ಸಿಕ್ಕವರ ಹಾಗೆ ಹತ್ತು ಸೆಕೆಂಡಿನಲ್ಲಿ ಖಾಲಿ ಮಾಡುತ್ತಾರೆ. ಡ್ರೈವ್ ಇಂಪ್ಯಾಕ್ಟ್‌ಗೆ 1 ಖಾನೆ, ವಿಶೇಷ ಪಟ್ಟಿನ ಬಲವಾದ ರೂಪ ಓವರ್‌ಡ್ರೈವ್‌ಗೆ 2, ಬ್ಲಾಕ್‌ನಲ್ಲಿದ್ದಾಗ ಎದುರಾಳಿಯನ್ನು ತಳ್ಳುವ ಡ್ರೈವ್ ರಿವರ್ಸಲ್‌ಗೆ 2, ಏಟಿನ ಮಧ್ಯದಿಂದ ಮುನ್ನುಗ್ಗುವ ಡ್ರೈವ್ ರಷ್‌ಗೆ 3. ಬ್ಲಾಕ್ ಮಾಡಿದರೂ ಸೋರುತ್ತದೆ. ಸೊನ್ನೆಗೆ ಬಂದರೆ ಬರ್ನ್‌ಔಟ್: ಪೂರ್ತಿ ತುಂಬುವವರೆಗೆ ಈ ಯಾವುದೂ ಇಲ್ಲ, ಬ್ಲಾಕ್ ಮಾಡಿದ ವಿಶೇಷ ಪಟ್ಟೂ ಜೀವ ಕೆರೆಯುತ್ತದೆ, ಗೋಡೆಯ ಬಳಿ ಡ್ರೈವ್ ಇಂಪ್ಯಾಕ್ಟ್ ಬ್ಲಾಕ್ ಮಾಡಿದರೆ ತಲೆ ತಿರುಗಿ ನಿಲ್ಲುತ್ತೀರಿ. ಮೊದಲ ತಿಂಗಳಿಗೆ ಒಂದೇ ನಿಯಮ ಇಟ್ಟುಕೊಳ್ಳಿ: ಎರಡು ಖಾನೆಗಿಂತ ಕೆಳಗೆ ಇಳಿಸುವುದಿಲ್ಲ. ಮುಂದಕ್ಕೆ ನಡೆದರೆ ಗೇಜ್ ಬೇಗ ತುಂಬುತ್ತದೆ. ಹಿಂದೆ ಹಿಂದೆ ಸರಿಯುವ ಹೊಸಬರಿಗೆ ಆಟವೇ ಕೊಡುವ ಲಂಚ ಇದು.

ಡ್ರೈವ್ ಪ್ಯಾರಿಯನ್ನು ಮಾತ್ರ ಧಾರಾಳವಾಗಿ ಬಳಸಿ. ಮೇಲೆ ಬರುವ ಏಟೋ, ಕೆಳಗಿನದೋ, ತಲೆ ದಾಟಿ ಹಿಂದಿನಿಂದ ಬರುವುದೋ ಎಂದು ತಲೆ ಕೆಡಿಸಿಕೊಳ್ಳದೆ ಹಿಡಿದುಕೊಂಡರೆ ಎಲ್ಲವನ್ನೂ ತಡೆಯುತ್ತದೆ, ತಡೆದಾಗ ಗೇಜ್ ಕೂಡ ಮರಳುತ್ತದೆ. ಪ್ಯಾರಿ ಹಿಡಿದಿದ್ದಾಗ ಥ್ರೋ ತಿಂದರೆ ಮಾತ್ರ ಪೆಟ್ಟು ಜೋರು. ಸರಿಯಾಗಿ 2 ಫ್ರೇಮ್ ಒಳಗೆ ಹಿಡಿದ ಪರ್ಫೆಕ್ಟ್ ಪ್ಯಾರಿ ನೋಡಲು ಚೆಂದ, ಅದರ ಬೆನ್ನು ಹತ್ತಬೇಡಿ.

ಪಾತ್ರ ಯಾವುದು? ಬಿಡುಗಡೆಯಾದಾಗ 18 ಪಾತ್ರಗಳಿದ್ದವು, ಆಮೇಲೆ ವರ್ಷಕ್ಕೆ ನಾಲ್ಕರಂತೆ ಸೇರುತ್ತಾ ಬಂದಿವೆ. ಭಾರತದ ಆಟಗಾರರ ಕೈ ಮೊದಲು ಹೋಗುವುದು ಧಾಲ್‌ಸಿಮ್ ಮೇಲೆ, ಸಹಜ. ಕೈಕಾಲು ರಬ್ಬರಿನಂತೆ ಚಾಚುವ, ಬಾಯಲ್ಲಿ ಬೆಂಕಿ ಉಗುಳುವ ಯೋಗಿ, ಸ್ಟ್ರೀಟ್ ಫೈಟರ್ 2ರಿಂದ ಇದ್ದಾನೆ, ಇದರಲ್ಲಿ ಅವನದೇ ದೇವಸ್ಥಾನದ ಅಂಗಳವೂ ಇದೆ. ಕೊರಳಲ್ಲಿ ತಲೆಬುರುಡೆ ಹಾರ ಹಾಕಿದ ಯೋಗಿ ನಮ್ಮ ಯಾವ ಮಠದವನೋ ಶಿವನೇ ಬಲ್ಲ, ಅದಿರಲಿ. ಹೊಸಬರಿಗೆ ಅವನು ಬೇಡ. ಜಿಗಿತ ತೇಲುವಂತಿರುತ್ತದೆ, ಚಾಚಿದ ಕೈ ವಾಪಸ್ ಬರುವುದರೊಳಗೆ ಒಳಗೆ ನುಗ್ಗಿಬಿಡುತ್ತಾರೆ, ಹತ್ತಿರ ಬಂದವನನ್ನು ದೂರ ತಳ್ಳುವುದು ಅವನ ಕಷ್ಟಗಳಲ್ಲಿ ಮೊದಲನೆಯದು. ಅವನಲ್ಲಿ ಕಲಿತದ್ದು ಬೇರೆ ಪಾತ್ರಕ್ಕೆ ಹೊಂದುವುದೂ ಕಡಿಮೆ. ರ್ಯು, ಲೂಕ್, ಕೆನ್ ಇವರಲ್ಲೊಬ್ಬರು ಸರಿ. ಬಲವಾದ ಏಟು ಇಷ್ಟವಿದ್ದರೆ ಮರೀಸಾ, ಮೂರು ಸಲ ತಾಗಿದರೆ ರೌಂಡ್ ಮುಗಿಯುವ ಹಾಗಿರುತ್ತದೆ. ಗೈಲ್‌ಗೆ ಹಿಂದೆ ಹಿಡಿದು ಕಾಯಬೇಕು, ತಾಳ್ಮೆಯಿರುವವರು ನೋಡಬಹುದು. ಆಯ್ಕೆ ಮಾಡಿದ ಮೇಲೆ ಕನಿಷ್ಠ ಐವತ್ತು ಪಂದ್ಯ ಬದಲಾಯಿಸಬೇಡಿ. ಸೋಲಿಗೆ ಪಾತ್ರವನ್ನು ದೂರಿ ಬದಲಾಯಿಸುವವರು ಪ್ರತಿ ಸಲವೂ ಮೊದಲ ಪುಟದಿಂದ ಓದುತ್ತಿರುತ್ತಾರೆ.

ಸಾಮಾನಿನ ವಿಷಯ ಬೇಗ ಮುಗಿಸೋಣ. ದುಬಾರಿ ಆರ್ಕೇಡ್ ಸ್ಟಿಕ್ ಬೇಡ, ಮಾಮೂಲಿ ಕಂಟ್ರೋಲರ್‌ನ ಡಿ-ಪ್ಯಾಡ್ ಸಾಕು. ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಆನ್ ಮಾಡಲೇಬೇಕು. ಇಲ್ಲದಿದ್ದರೆ ಚಿತ್ರ ಚೆಂದ ಮಾಡುವ ಸಂಸ್ಕರಣೆಗೇ ಹಲವು ಫ್ರೇಮ್ ಹೋಗುತ್ತದೆ, 26 ಫ್ರೇಮ್‌ನ ಡ್ರೈವ್ ಇಂಪ್ಯಾಕ್ಟ್ ನೋಡಲು ನಿಮಗೆ ಸಿಗುವ ಹೊತ್ತು ಕರಗುತ್ತದೆ. ಪಿಸಿಯಲ್ಲಿ ವಿ-ಸಿಂಕ್ ಆಫ್, ಇನ್‌ಪುಟ್ ಡಿಲೇ ಕಡಿಮೆ ಮಾಡುವ ಆಯ್ಕೆ ಆನ್. ಆನ್‌ಲೈನ್‌ನಲ್ಲಿ ಇಂಟರ್ನೆಟ್ಟಿನ ತಡವನ್ನು ಊಹಿಸಿ ಸರಿಪಡಿಸುವ ರೋಲ್‌ಬ್ಯಾಕ್ ವ್ಯವಸ್ಥೆ ಚೆನ್ನಾಗಿದೆ, ದೂರದ ದೇಶದವರ ಜೊತೆಗೂ ಆಟ ಆಡುವಂತಿರುತ್ತದೆ. ಎದುರಾಳಿ ವೈಫೈಯಲ್ಲಿದ್ದಾನೋ ಕೇಬಲ್‌ನಲ್ಲೋ ಎಂದು ಪಂದ್ಯಕ್ಕೆ ಮೊದಲೇ ಚಿಹ್ನೆ ತೋರಿಸುತ್ತದೆ. ನಿಮ್ಮ ಕಡೆಯಿಂದ ಮಾಡಬೇಕಾದ್ದು ಒಂದೇ: ರೂಟರ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆಯುವುದು. ವೇಗ ಎಷ್ಟೇ ಇರಲಿ, ಗೋಡೆ ದಾಟಿ ಬರುವ ವೈಫೈ ನಡುವೆ ತಡವರಿಸುತ್ತದೆ, ತಡವರಿಸಿದಾಗೆಲ್ಲ ಪಾತ್ರಗಳು ಜಾಗ ಬಿಟ್ಟು ನೆಗೆಯುತ್ತವೆ.

ಒಬ್ಬರೇ ಆಡಲು ವರ್ಲ್ಡ್ ಟೂರ್ ಇದೆ. ನಿಮ್ಮದೇ ಪಾತ್ರ ಮಾಡಿಕೊಂಡು ಮೆಟ್ರೊ ಸಿಟಿಯಲ್ಲಿ ಅಲೆಯುತ್ತಾ, ತಲೆಗೆ ರಟ್ಟಿನ ಡಬ್ಬ ಹಾಕಿಕೊಂಡ ಪುಂಡರಿಗೆ ಹೊಡೆಯುತ್ತಾ, ರ್ಯು, ಚುನ್-ಲಿಯಂಥ ಗುರುಗಳಿಂದ ಪಟ್ಟು ಕಲಿಯುವ ಆಟ. ಮುಸ್ತಫಾ ಆಡಿದವರಿಗೆ ಮನೆಗೆ ಬಂದ ಹಾಗಾಗುತ್ತದೆ. ಬಟನ್‌ಗಳ ಪರಿಚಯಕ್ಕೆ, ಪಾತ್ರಗಳ ರುಚಿ ನೋಡಲು ಒಳ್ಳೆಯದು. ಆದರೆ ಅಲ್ಲಿ ಲೆವೆಲ್ ಏರಿಸಿ, ಬಟ್ಟೆ ಬದಲಿಸಿ, ಹೊಡೆದಾಟದ ಮಧ್ಯೆ ತಿಂಡಿ ತಿಂದು ಜೀವ ತುಂಬಿಕೊಂಡು ಗೆಲ್ಲಬಹುದು. ಅಲ್ಲಿನ ಗೆಲುವಿನ ಧೈರ್ಯದಲ್ಲಿ ಆನ್‌ಲೈನ್‌ಗೆ ಹೋದವರಿಗೆ ಮೊದಲ ದಿನವೇ ಆಘಾತ. ಐದಾರು ಗಂಟೆ ಆಡಿ, ಆಮೇಲೆ ನಿಮ್ಮ ಪಾತ್ರದ ಕ್ಯಾರೆಕ್ಟರ್ ಗೈಡ್ ಓದಿ. ಯಾವ ಪಟ್ಟು ಯಾವಾಗ ಎಂದು ಇಷ್ಟು ಬಿಡಿಸಿ ಹೇಳುವ ಪಾಠ ಈ ಪ್ರಕಾರದಲ್ಲಿ ಅಪರೂಪ. ಕಾಂಬೊ ಟ್ರಯಲ್‌ನಲ್ಲಿ ಮೊದಲ ಹಂತದ ಎರಡು ಮೂರು ಸಾಕು, ಮೇಲಿನ ಹಂತದವು ಬೆರಳಿನ ಸರ್ಕಸ್.

ರ್‍ಯಾಂಕ್ಡ್, ಅಂದರೆ ದರ್ಜೆಗಾಗಿ ಆಡುವ ಆನ್‌ಲೈನ್ ಪಂದ್ಯ, ಶುರುವಾಗುವುದು 10 ಪರೀಕ್ಷಾ ಪಂದ್ಯಗಳಿಂದ. ರೂಕಿ, ಐರನ್, ಬ್ರಾಂಜ್, ಸಿಲ್ವರ್ ಹೀಗೆ ಮಾಸ್ಟರ್‌ವರೆಗೆ ಮೆಟ್ಟಿಲುಗಳು. ಒಬ್ಬೊಬ್ಬ ಪಾತ್ರಕ್ಕೂ ಬೇರೆ ಬೇರೆ ಅಂಕ, ಹೀಗಾಗಿ ಹೊಸ ಪಾತ್ರ ಹಿಡಿದರೆ ಹಳೆಯದರ ದರ್ಜೆಗೆ ಧಕ್ಕೆಯಿಲ್ಲ. ಇಲ್ಲೇ ಆ ವಾಸಿಯಾಗದ ಅರ್ಧ ಕಾಯಿಲೆ ಇರುವುದು. ಐದು ಜನರ ತಂಡದ ಆಟದಲ್ಲಿ ಸೋತರೆ ಜೊತೆಯವರನ್ನು ಬೈಯಬಹುದು, ಕಾರ್ಡ್ ಆಟದಲ್ಲಿ ಎಲೆಯನ್ನು ಬೈಯಬಹುದು. ಇಲ್ಲಿ ಬೈಯಲು ಯಾರೂ ಇಲ್ಲ. ಎಷ್ಟೇ ಫ್ರೇಮ್ ಮೀಟರ್ ಕೊಟ್ಟರೂ ಕೆಲವರಿಗೆ ಆ ಒಂಟಿ ಸೋಲು ಒಗ್ಗುವುದಿಲ್ಲ, ಅದು ಅವರ ದೋಷವಲ್ಲ. ಅಂಥವರಿಗೆ ಆನ್‌ಲೈನ್ ಅಪರಿಚಿತರಿಗಿಂತ ಒಂದೇ ಸೋಫಾದಲ್ಲಿ ಕೂತ, ತಮ್ಮಷ್ಟೇ ಬಾರದ ಒಬ್ಬ ಗೆಳೆಯ ಉತ್ತಮ. ಒಬ್ಬರಿಗೊಬ್ಬರ ಚಟ ಗೊತ್ತಾದ ಹಾಗೆಲ್ಲ ಆಟ ತಾನಾಗಿ ಆಳವಾಗುತ್ತದೆ. ರ್‍ಯಾಂಕ್ಡ್ ಆಡುವವರು ಸತತ ಮೂರು ಸೋಲಿಗೆ ನಿಲ್ಲಿಸಿ. ನಾಲ್ಕನೆಯದರಲ್ಲಿ ಬಟನ್ ಒತ್ತುವುದು ಕೈಯಲ್ಲ, ಸಿಟ್ಟು.

ಕೊಳ್ಳುವ ಮುನ್ನ ಡೆಮೊ ಇಳಿಸಿಕೊಳ್ಳಿ, ಅದರಲ್ಲಿ ರ್ಯು ಮತ್ತು ಲೂಕ್ ಇದ್ದಾರೆ, ಮಾಡರ್ನ್ ಕೈಗೆ ಕೂರುತ್ತದೋ ಇಲ್ಲವೋ ಒಂದು ಸಂಜೆಯಲ್ಲಿ ತಿಳಿಯುತ್ತದೆ. ಆಟ ಕೊಂಡರೂ ಮೂಲ ಆವೃತ್ತಿಯ 18 ಪಾತ್ರಗಳು ವರ್ಷಕ್ಕೆ ಸಾಕು. ಆಮೇಲೆ ಬಂದವರಿಗೆ, ಅವರ ವೇಷಗಳಿಗೆ ಬೇರೆ ಹಣ. ವೇಷಗಳಿಗಂತೂ ಆಟದ ನಾಣ್ಯಗಳನ್ನು ಕೊಳ್ಳಬೇಕು. ನಾಣ್ಯದ ಕಟ್ಟಿಗೂ ವೇಷದ ಬೆಲೆಗೂ ತಾಳೆಯಾಗದೆ ಚಿಲ್ಲರೆ ನಿಮ್ಮ ಖಾತೆಯಲ್ಲೇ ಉಳಿದುಬಿಡುತ್ತದೆ, ಇದು ಜಾಣ ಅಂಗಡಿಯವನ ಲೆಕ್ಕ. ಬಾಕಿ ಪಾತ್ರಗಳನ್ನು ಡಿಸ್ಕೌಂಟ್ ಬಂದಾಗ ಒಟ್ಟಿಗೆ ತೆಗೆದುಕೊಳ್ಳಿ, ಅಷ್ಟು ಹೊತ್ತಿಗೆ ಯಾರ ಕೈಯಲ್ಲಿ ಹೆಚ್ಚು ಏಟು ತಿಂದಿರಿ ಎಂದು ಗೊತ್ತಿರುತ್ತದೆ.